ಕಡಲ ನಡುವಿನ ರಿಗ್‌ಗೆ ಹೆಲಿಕಾಪ್ಟರ್ ಹಾರಿಸುವ ಕೆಲಸ: ಸೇರುವ ಮುನ್ನ ತೂಗಿ ನೋಡಲು ಹದಿಮೂರು ಸೂತ್ರಗಳು

ಮುಂಬೈನ ಜುಹು ವಿಮಾನ ನಿಲ್ದಾಣ 1928ರಷ್ಟು ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದದ್ದು ಇಲ್ಲಿಗೇ. ಈಗ ಅಲ್ಲಿ ಬೆಳಗಾಗುವುದು ಹೆಲಿಕಾಪ್ಟರ್ ಸದ್ದಿನಿಂದ. ಲೈಫ್ ಜಾಕೆಟ್ ಬಿಗಿದುಕೊಂಡ ಎಂಜಿನಿಯರುಗಳು, ವೆಲ್ಡರುಗಳು, ಅಡುಗೆಯವರು ಸಾಲಾಗಿ ಹತ್ತುತ್ತಾರೆ. ಹೆಲಿಕಾಪ್ಟರ್ ಪಶ್ಚಿಮಕ್ಕೆ ತಿರುಗಿ, ಸುಮಾರು 160 ಕಿ.ಮೀ. ದೂರದ ಮುಂಬೈ ಹೈ ತೈಲಕ್ಷೇತ್ರದ ಕಡೆ ಹೊರಡುತ್ತದೆ. 1974ರಲ್ಲಿ ‘ಸಾಗರ್ ಸಾಮ್ರಾಟ್’ ರಿಗ್ ಅಲ್ಲಿ ತೈಲ ಕಂಡಂದಿನಿಂದ ಈ ದಾರಿ ಬಿಡುವು ಕಂಡಿಲ್ಲ.

ಈ ದಾರಿಯಲ್ಲಿ ಹಾರಿಸುವ ಕೆಲಸಕ್ಕೆ ಬರಬೇಕೆಂದು ಯೋಚಿಸುವವರು ನಮ್ಮಲ್ಲೂ ಇದ್ದಾರೆ. ಸೇನೆಯಿಂದ ನಿವೃತ್ತಿ ಹತ್ತಿರವಾದವರು, ಚುನಾವಣೆ ಮತ್ತು ಯಾತ್ರೆಯ ಚಾರ್ಟರ್ ಹಾರಿಸಿ ಸಾಕಾದವರು, ಲೈಸೆನ್ಸ್ ಕೈಗೆ ಬಂದರೂ ಸೀಟು ಸಿಗದೆ ಕಾಯುತ್ತಿರುವ ಹುಡುಗ ಹುಡುಗಿಯರು. ಇದು ಒಳ್ಳೆಯ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದೇ ಕೆಲಸವನ್ನು ಐನೂರನೆಯ ಸಲವೂ ಮೊದಲ ದಿನದ ಕಟ್ಟುನಿಟ್ಟಿನಲ್ಲೇ ಮಾಡಬಲ್ಲವರಿಗೆ ಮಾತ್ರ ಇದು ಒಗ್ಗುತ್ತದೆ. ನೀವು ಅಂಥವರೇ? ಕೆಳಗಿನ ಸೂತ್ರಗಳನ್ನು ಹಿಡಿದು ನೋಡಿ.

1. ಫೋಟೋ ನೋಡಿ ಬರಬೇಡಿ, ದಿನಚರಿ ನೋಡಿ ಬನ್ನಿ

ಸಮುದ್ರದ ನಡುವೆ ಉರಿಯುವ ಗ್ಯಾಸ್ ಜ್ವಾಲೆ, ಪಕ್ಕದ ಪುಟ್ಟ ಡೆಕ್ ಮೇಲೆ ಇಳಿಯುತ್ತಿರುವ ಹೆಲಿಕಾಪ್ಟರ್. ನೋಡಲು ಚೆಂದ. ದಿನದ ಬಹುಪಾಲು ಹೀಗಿರುವುದಿಲ್ಲ. ನಸುಕಿನಲ್ಲೇ ಹಾಜರಿ, ಮದ್ಯ ಕುಡಿದಿಲ್ಲವೆಂದು ತೋರಿಸುವ ಉಸಿರಿನ ಪರೀಕ್ಷೆ, ಹವಾಮಾನ ವರದಿ, ಒಬ್ಬೊಬ್ಬ ಪ್ರಯಾಣಿಕನ ಮತ್ತು ಚೀಲದ ತೂಕ, ಇಂಧನದ ಲೆಕ್ಕ, ಟೆಕ್ ಲಾಗ್‌ಗೆ ಸಹಿ. ಆಮೇಲೆ ಮುಕ್ಕಾಲು ಗಂಟೆ ಬರೀ ನೀರು. ಅಲ್ಲಿ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ರೆಕ್ಕೆ ನಿಲ್ಲಿಸದೆ ನಾಲ್ಕಾರು ಓಡಾಟ, ಮತ್ತೆ ಜುಹು. ಮರುದಿನ ಅದೇ ದಾರಿ, ಅದೇ ಚೆಕ್‌ಲಿಸ್ಟ್, ಅದೇ ಮಾತುಗಳು.

ಇದನ್ನು ಓದುವಾಗಲೇ ಬೇಸರ ಬಂತೇ? ಹಾಗಿದ್ದರೆ ಕಣಿವೆ, ಕಾಡು, ಪ್ರವಾಹ ಪರಿಹಾರ ಎಂದು ಬೇರೆ ಹಾದಿಗಳಿವೆ. ಅವು ಇದಕ್ಕಿಂತ ಕೀಳಲ್ಲ. ಬದಲಿಗೆ, ಗಾಳಿ ದಿನಕ್ಕೊಂದು ದಿಕ್ಕು ಹಿಡಿದಾಗ ಅದೇ ಡೆಕ್ ಹೇಗೆ ಬೇರೆಯದೇ ಸವಾಲು ಒಡ್ಡುತ್ತದೆ ಎಂಬ ಕುತೂಹಲ ಹುಟ್ಟಿದರೆ ಮುಂದೆ ಓದಿ.

2. ನೀವು ಹೊತ್ತು ತರುವ ಅಭ್ಯಾಸಗಳ ಪಟ್ಟಿ ಮಾಡಿ

ಗಂಟೆಗಳ ಲೆಕ್ಕ ಲಾಗ್‌ಬುಕ್‌ನಲ್ಲಿದೆ. ಅಭ್ಯಾಸಗಳ ಲೆಕ್ಕವನ್ನು ನೀವೇ ಬರೆಯಬೇಕು.

ಭಾರತದ ಕಡಲ ಹೆಲಿಕಾಪ್ಟರ್‌ಗಳ ಕ್ಯಾಪ್ಟನ್‌ಗಳಲ್ಲಿ ವಾಯುಪಡೆ, ನೌಕಾಪಡೆ, ಕೋಸ್ಟ್ ಗಾರ್ಡ್‌ಗಳಿಂದ ಬಂದವರು ಬಹಳ. ಅವರಿಗೆ ಕೈಚಳಕದ ಕೊರತೆಯಿಲ್ಲ. ಆದರೆ ‘ಹೇಗಾದರೂ ಮುಟ್ಟಿಸಿಯೇ ಬರಬೇಕು’ ಎಂಬ ಛಲ ಅವರ ರಕ್ತದಲ್ಲಿರುತ್ತದೆ. ಹಿಮದ ನಡುವೆ ಗಾಯಗೊಂಡ ಸೈನಿಕನನ್ನು ಕರೆತರುವಾಗ ಅದು ಪ್ರಾಣ ಉಳಿಸಿರಬಹುದು. ಪಾಳಿ ಬದಲಿಸುವ ಹನ್ನೆರಡು ಮಂದಿಯನ್ನು ಒಯ್ಯುವಾಗ ಅದೇ ಛಲ ಅಪಾಯ ತರುತ್ತದೆ. ಇನ್ನೊಂದು ಮಾತು: ವಿಂಗ್ ಕಮಾಂಡರ್ ಆಗಿದ್ದವರು ಇಲ್ಲಿ ಕೆಲಕಾಲ ತಮಗಿಂತ ಹತ್ತು ವರ್ಷ ಚಿಕ್ಕವರ ಪಕ್ಕದಲ್ಲಿ ಕೋ-ಪೈಲಟ್ ಆಗಿ ಕೂರಬೇಕಾದೀತು. ಅದನ್ನು ನಗುನಗುತ್ತ ಒಪ್ಪಿಕೊಂಡವರೇ ಬೇಗ ಮೇಲೆ ಬಂದಿದ್ದಾರೆ.

ಚಾರ್ಟರ್ ಹಾರಿಸಿದವರ ತೊಡಕು ಬೇರೆ. ಒಬ್ಬರೇ ಹಾರಿಸಿ, ನೆಲ ನೋಡಿಕೊಂಡು ದಾರಿ ಹಿಡಿದು ರೂಢಿಯಾದವರಿಗೆ ಇಬ್ಬರು ಪೈಲಟ್‌ಗಳ ಕಾಕ್‌ಪಿಟ್‌ನಲ್ಲಿ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುವುದು, ಪಕ್ಕದವರ ಒಪ್ಪಿಗೆ ಕೇಳುವುದು ಮೊದಮೊದಲು ಮುಜುಗರ ಎನಿಸುತ್ತದೆ. ಹೊಸ ಲೈಸೆನ್ಸ್‌ನವರಿಗೆ ತಿದ್ದಿಕೊಳ್ಳಬೇಕಾದ ಅಭ್ಯಾಸವೇ ಇರುವುದಿಲ್ಲ. ಅದು ಅವರ ಬಲ. ಗಂಟೆಗಳಿಲ್ಲದಿರುವುದು ಅವರ ಕಷ್ಟ.

3. ಕಾಗದಪತ್ರ ಮೊದಲು, ಕನಸು ಆಮೇಲೆ

ಹೆಲಿಕಾಪ್ಟರ್ ಕಮರ್ಷಿಯಲ್ ಲೈಸೆನ್ಸ್‌ಗೆ 150 ಗಂಟೆ, ಅದರ ಮೇಲಿನ ಹಂತದ ಎಟಿಪಿಎಲ್‌ಗೆ 1000 ಗಂಟೆ. ಜೊತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ರೇಡಿಯೊ ಬಳಕೆಗೆ ಆರ್‌ಟಿಆರ್, ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ. ಸೇನೆಯಲ್ಲಿ ಇರುವಾಗಲೇ ಡಿಜಿಸಿಎ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ನಿವೃತ್ತಿಯ ಬೀಳ್ಕೊಡುಗೆ ಮುಗಿದ ಮೇಲೆ ಹವಾಮಾನಶಾಸ್ತ್ರದ ಪುಸ್ತಕ ತೆರೆಯುವುದು ಕಷ್ಟ. ಇಷ್ಟೆಲ್ಲ ಇದ್ದರೂ ಸಾಲದು. ತೈಲ ಕಂಪನಿ ತನ್ನ ಟೆಂಡರ್‌ನಲ್ಲಿ ಕ್ಯಾಪ್ಟನ್‌ಗೆ ಇಷ್ಟು, ಕೋ-ಪೈಲಟ್‌ಗೆ ಇಷ್ಟು, ಅದರಲ್ಲಿ ಕಡಲ ಮೇಲಿನದು ಇಷ್ಟು ಎಂದು ಬೇರೆಯೇ ಗಂಟೆಗಳ ಬೇಡಿಕೆ ಇಡುತ್ತದೆ. ಯಾವ ಗುತ್ತಿಗೆಗೆ ನಿಮ್ಮನ್ನು ತೆಗೆದುಕೊಳ್ಳುತ್ತಿದ್ದಾರೆ, ಆ ಗುತ್ತಿಗೆಯ ಗಂಟೆಗಳು ನಿಮ್ಮಲ್ಲಿವೆಯೇ ಎಂದು ಸಂದರ್ಶನದಲ್ಲೇ ಕೇಳಿ.

4. ಡೆಕ್ ಅನ್ನು ಅರ್ಥ ಮಾಡಿಕೊಳ್ಳಿ. ಇಡೀ ಕೆಲಸ ಅಲ್ಲಿದೆ

ಪ್ರತಿ ಹೆಲಿಡೆಕ್ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ. ಅದು ಡಿ-ವ್ಯಾಲ್ಯೂ: ತಿರುಗುವ ರೆಕ್ಕೆ ಸೇರಿ ಮೂತಿಯಿಂದ ಬಾಲದ ತುದಿಯವರೆಗೆ ಎಷ್ಟು ಉದ್ದದ ಹೆಲಿಕಾಪ್ಟರ್ ಇಲ್ಲಿ ಇಳಿಯಬಹುದು ಎಂಬ ಅಳತೆ. ಮುಂಬೈ ಹೈನಲ್ಲಿ ದಶಕಗಳಿಂದ ಓಡಾಡುತ್ತಿರುವ ಡಾಫಿನ್ ಎನ್3ಗೆ ಅದು 13.73 ಮೀಟರ್, ಉತ್ತರ ಸಮುದ್ರದ ದೊಡ್ಡ ಎಸ್-92ಗೆ 20.88 ಮೀಟರ್. ಪಕ್ಕದಲ್ಲಿ ಡೆಕ್ ಹೊರಬಲ್ಲ ತೂಕ ಎಷ್ಟು ಟನ್ ಎಂದೂ ಬರೆದಿರುತ್ತದೆ. ಡೆಕ್‌ನ ಸುತ್ತ 210 ಡಿಗ್ರಿಯಷ್ಟು ಜಾಗದಲ್ಲಿ ಅಡ್ಡಿ ಇರಬಾರದು. ಉಳಿದ 150 ಡಿಗ್ರಿಯಲ್ಲಿ ಕ್ರೇನ್, ಕೊಳವೆ, ಗೋಪುರ ಎಲ್ಲ ಇರುತ್ತವೆ, ಗೊತ್ತಾದ ಎತ್ತರದ ಮಿತಿಯೊಳಗೆ.

ಈಗ ಗಾಳಿ ಸೇರಿಸಿ. ಗಾಳಿ ಗೋಪುರವನ್ನು ಸುತ್ತಿ ಬಂದು ಡೆಕ್ ಮೇಲೆ ಬೀಸಿದರೆ ಸುಳಿ ಏಳುತ್ತದೆ. ಪ್ಲಾಟ್‌ಫಾರ್ಮ್‌ನ ಗ್ಯಾಸ್ ಟರ್ಬೈನ್‌ಗಳ ಬಿಸಿ ಹೊಗೆ ಡೆಕ್ ಕಡೆ ತಿರುಗಿದರೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ, ಅದೂ ನಿಮಗೆ ಅತಿ ಹೆಚ್ಚು ಶಕ್ತಿ ಬೇಕಾದ ಗಳಿಗೆಯಲ್ಲಿ. ಹಾಗಾಗಿ ಯಾವ ದಿಕ್ಕಿನಿಂದ ಬರಬೇಕು, ಇಳಿಯಲಾಗದಿದ್ದರೆ ಯಾವ ಕಡೆ ತಪ್ಪಿಸಿಕೊಂಡು ಏರಬೇಕು ಎಂಬುದು ಡೆಕ್ ಕಣ್ಣಿಗೆ ಬೀಳುವ ಮೊದಲೇ ತೀರ್ಮಾನವಾಗಿರಬೇಕು. ಹೊರಗಿನವರಿಗೆ ಗೊತ್ತಿರದ ಒಂದು ಸಂಗತಿ ಇಲ್ಲಿದೆ. ಇಳಿಸುವವರು ಯಾರು ಎಂಬುದನ್ನು ಹಿರಿತನ ನಿರ್ಧರಿಸುವುದಿಲ್ಲ, ಬಹುಮಟ್ಟಿಗೆ ಗಾಳಿ ನಿರ್ಧರಿಸುತ್ತದೆ. ಡೆಕ್ ಎಡಗಡೆ ಕಾಣುವಂತೆ ಬರಬೇಕಾದರೆ ಎಡ ಸೀಟಿನವರು, ಬಲಗಡೆ ಕಾಣುವಂತಾದರೆ ಬಲ ಸೀಟಿನವರು. ಕೋ-ಪೈಲಟ್‌ಗೆ ಕೈ ಪಳಗುವುದು ಹೀಗೆ.

ಕೊನೆಯ ಕೆಲವು ಸೆಕೆಂಡುಗಳನ್ನು ಹತ್ತಿರದಿಂದ ನೋಡಿ. ವೇಗ ಇಳಿಯುತ್ತಿದೆ, ಹಸಿರು ದೀಪಗಳ ಅಂಚು ಮೂತಿಯ ಕೆಳಗೆ ಜಾರುತ್ತಿದೆ. ಹಾರಿಸದ ಪೈಲಟ್ ಕಣ್ಣು ಒಳಗಿಟ್ಟು ವೇಗ, ಟಾರ್ಕ್, ಎತ್ತರ ಓದಿ ಹೇಳುತ್ತಿದ್ದಾರೆ. ‘ಕಮಿಟೆಡ್’ ಎಂಬ ಮಾತು ಬೀಳುವವರೆಗೆ ಎಂಜಿನ್ ಒಂದು ಕೈಕೊಟ್ಟರೆ ಹಿಂದೆ ಸರಿದು ಹಾರಿ ಹೋಗುವುದು, ಆ ಮಾತು ಬಿದ್ದ ಮೇಲೆ ಡೆಕ್ ಮೇಲೇ ಇಳಿಯುವುದು. ಈ ಗೆರೆ ಇಬ್ಬರ ತಲೆಯಲ್ಲೂ ಒಂದೇ ಜಾಗದಲ್ಲಿರಬೇಕು. ಚಕ್ರ ಡೆಕ್ ಮೇಲೆ ಕೂತ ನಂತರವೂ ಕೆಲಸ ಮುಗಿಯುವುದಿಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಪ್ರಯಾಣಿಕರು ಇಳಿಯುತ್ತಾರೆ, ಬಾಲದ ರೋಟರ್ ಕಡೆ ಯಾರೂ ಹೋಗದಂತೆ ಡೆಕ್ ಸಿಬ್ಬಂದಿ ಕಾವಲು ನಿಲ್ಲುತ್ತಾರೆ.

ಕಂಬಗಳ ಮೇಲೆ ನಿಂತ ಪ್ಲಾಟ್‌ಫಾರ್ಮ್ ಅಲುಗುವುದಿಲ್ಲ. ಡ್ರಿಲ್ ಹಡಗು, ಬಾರ್ಜ್‌ಗಳ ಡೆಕ್ ಹಾಗಲ್ಲ. ಅದು ಏರುತ್ತದೆ, ಇಳಿಯುತ್ತದೆ, ಓಲುತ್ತದೆ. ಪ್ರತಿಯೊಂದಕ್ಕೂ ಮಿತಿಯ ಅಂಕಿಯಿದೆ. ಅಂಕಿ ದಾಟಿದರೆ ಇಳಿಯುವುದಿಲ್ಲ, ಅಷ್ಟೆ.

5. ಹೊರಗೆ ನೋಡುವ ಆಸೆ ಬಿಡಿ, ಮಾಪಕ ನೋಡುವ ಶಿಸ್ತು ಬೆಳೆಸಿ

ಮಳೆಗಾಲದಲ್ಲಿ ಅರಬ್ಬೀ ಸಮುದ್ರಕ್ಕೂ ಆಕಾಶಕ್ಕೂ ನಡುವೆ ಗೆರೆ ಇರುವುದಿಲ್ಲ. ಚಳಿಗಾಲದ ಮಬ್ಬಿನಲ್ಲೂ ಅದೇ ಪಾಡು. ಅಂಥ ದಿನ ರಿಗ್ ಕಡೆಗೆ ಹೋಗುವ ಒಂದು ವಿಧಾನ, ಹೆಲಿಕಾಪ್ಟರ್‌ನ ಹವಾಮಾನ ರೇಡಾರ್‌ನಲ್ಲೇ ರಿಗ್‌ನ ಚುಕ್ಕೆ ಹಿಡಿದು ಹತ್ತಿರವಾಗುವುದು. ಹಗಲಲ್ಲಿ ಸಾಮಾನ್ಯ ಮಿತಿ 200 ಅಡಿ, ರಾತ್ರಿ 300 ಅಡಿ. ಮುಕ್ಕಾಲು ನಾಟಿಕಲ್ ಮೈಲಿಯಷ್ಟು ಹತ್ತಿರ ಹೋದರೂ ಡೆಕ್ ಕಾಣದಿದ್ದರೆ ತಿರುಗಿಕೊಂಡು ಏರಬೇಕು. ಆಗ ಕಿಟಕಿ ಆಚೆ ಇಣುಕಿ ‘ಅಲ್ಲೇನೋ ಕಂಡಂತಾಯಿತು’ ಎನ್ನುವವರು ಈ ಕೆಲಸಕ್ಕೆ ಬೇಡ.

2013ರ ಆಗಸ್ಟ್ 23ರಂದು ಸ್ಕಾಟ್ಲೆಂಡ್‌ನ ಉತ್ತರದ ಶೆಟ್ಲೆಂಡ್ ದ್ವೀಪದ ಸಂಬರೊ ವಿಮಾನ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ಸೂಪರ್ ಪೂಮಾ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಒಳಗಿದ್ದ 18 ಮಂದಿಯಲ್ಲಿ ನಾಲ್ವರು ಸತ್ತರು. ಆಟೋಪೈಲಟ್ ಕೆಳಗಿಳಿಯುವ ದರವನ್ನು ಹಿಡಿದಿತ್ತು. ವೇಗವನ್ನು ಪೈಲಟ್ ತಾವೇ ನೋಡಿಕೊಳ್ಳಬೇಕಿತ್ತು. ಮೋಡದಲ್ಲಿ ವೇಗ ಇಳಿಯುತ್ತ ಹೋದದ್ದು ಸಮಯಕ್ಕೆ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಕೊನೆಯ ಹಂತದಲ್ಲಿ ಮಾಪಕಗಳ ಮೇಲಿನ ನಿಗಾ ಸಾಲಲಿಲ್ಲ ಎಂದು ತನಿಖೆ ಹೇಳಿತು. ಇಬ್ಬರು ಅನುಭವಿಗಳಿದ್ದ ಕಾಕ್‌ಪಿಟ್ ಅದು. ಹಾಗಾಗಿ ಸಂದರ್ಶನಕ್ಕೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನಿಮ್ಮ ಹೆಲಿಕಾಪ್ಟರ್‌ನ ಆಟೋಪೈಲಟ್ ಯಾವ ಗಳಿಗೆಯಲ್ಲಿ ಏನನ್ನು ನೋಡಿಕೊಳ್ಳುತ್ತಿದೆ, ಏನನ್ನು ನಿಮಗೆ ಬಿಟ್ಟಿದೆ ಎಂದು ತಡವರಿಸದೆ ಹೇಳಬಲ್ಲಿರಾ? ಸಾಧ್ಯವಾದರೆ ಸಿಮ್ಯುಲೇಟರ್‌ನಲ್ಲಿ ಕೆಲವು ಗಂಟೆ ಸ್ವಂತ ದುಡ್ಡು ಹಾಕಿ. ಬೆಂಗಳೂರಿನಲ್ಲೇ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಜೊತೆಗೂಡಿ ಕಟ್ಟಿದ ಹ್ಯಾಟ್ಸಾಫ್ ಕೇಂದ್ರವಿದೆ. ಬೆಲ್ 412, ಡಾಫಿನ್, ಧ್ರುವ್ ಕಾಕ್‌ಪಿಟ್‌ಗಳಲ್ಲಿ ತರಬೇತಿ ಕೊಡಲೆಂದೇ ಹುಟ್ಟಿದ್ದು ಅದು.

6. ನೀರೊಳಗಿನ ತರಬೇತಿಯನ್ನು ಮನಸಾರೆ ಮಾಡಿ

ಎಂಜಿನ್, ಗೇರ್‌ಬಾಕ್ಸ್, ರೋಟರ್ ಎಲ್ಲ ನೆತ್ತಿಯ ಮೇಲಿರುವುದರಿಂದ ನೀರಿಗೆ ಬಿದ್ದ ಹೆಲಿಕಾಪ್ಟರ್ ಮಗುಚಿಕೊಳ್ಳುವ ಸಾಧ್ಯತೆ ಹೆಚ್ಚು. ಅದಕ್ಕೇ ಹ್ಯೂಯೆಟ್ ಎಂಬ ಕಡ್ಡಾಯ ತರಬೇತಿ. ಕ್ಯಾಬಿನ್‌ನಂಥ ಡಬ್ಬಿಯಲ್ಲಿ ನಿಮ್ಮನ್ನು ಪಟ್ಟಿ ಕಟ್ಟಿ ಕೂರಿಸಿ ಕೊಳಕ್ಕೆ ಇಳಿಸುತ್ತಾರೆ, ತಲೆಕೆಳಗು ಮಾಡುತ್ತಾರೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಆಗ ಒಂದು ಕೈ ಕಿಟಕಿಯ ಚೌಕಟ್ಟು ಬಿಡಬಾರದು. ತಿರುಗಾಟ ನಿಲ್ಲುವವರೆಗೆ ಕಾಯಬೇಕು. ಕಿಟಕಿ ತಳ್ಳಬೇಕು. ಅದಾದ ಮೇಲೇ ಬಕಲ್ ಬಿಚ್ಚಬೇಕು. ಗಾಬರಿಯಲ್ಲಿ ಮೊದಲೇ ಬಕಲ್ ಬಿಚ್ಚಿದರೆ ದೇಹ ತೇಲಿ, ಹಿಡಿದ ದಿಕ್ಕೂ ಕೈತಪ್ಪುತ್ತದೆ.

ನೌಕಾಪಡೆಗೆ ಕೊಚ್ಚಿಯ ಐಎನ್‌ಎಸ್ ಗರುಡದಲ್ಲಿ ಈ ಸೌಲಭ್ಯವಿದೆ. 2024ರ ಫೆಬ್ರುವರಿಯಲ್ಲಿ ಗೋವಾದ ಬೇತುಲ್‌ನಲ್ಲಿ ತೈಲ ಸಂಸ್ಥೆ ಒಎನ್‌ಜಿಸಿಯ ಸಮುದ್ರ ರಕ್ಷಣಾ ತರಬೇತಿ ಕೇಂದ್ರ ಉದ್ಘಾಟನೆಯಾಯಿತು. ಕಾರವಾರದವರಿಗೆ ಅದು ಪಕ್ಕದೂರು. ನೀರೆಂದರೆ ಒಳಗೊಳಗೇ ಭಯವಿರುವವರು ಈಜು ಕಲಿತು ಇಲ್ಲಿಗೆ ಬನ್ನಿ. ಭಯ ಹೋಗಲಾಡಿಸಿಕೊಳ್ಳುವ ಜಾಗ ಕೊಳ, ಸಮುದ್ರವಲ್ಲ. ನೀರಿಗಿಳಿದರೆ ಎಲ್ಲ ಮುಗಿಯಿತೆಂದಲ್ಲ: 1995ರ ಜನವರಿಯಲ್ಲಿ ಉತ್ತರ ಸಮುದ್ರದ ಮೇಲೆ ಸಿಡಿಲು ಬಡಿದು ಹೆಲಿಕಾಪ್ಟರೊಂದು ನೀರಿಗೆ ಇಳಿಯಬೇಕಾಯಿತು. 18 ಮಂದಿಯೂ ಬದುಕಿ ಬಂದರು.

7. ಅಪಾಯವನ್ನು ಹೆಸರು ಹಿಡಿದು ನೋಡಿ

2018ರ ಜನವರಿ 13: ಜುಹುವಿನಿಂದ ಎದ್ದ ಡಾಫಿನ್ ಸ್ವಲ್ಪ ಹೊತ್ತಿನಲ್ಲೇ ಸಮುದ್ರದ ಪಾಲಾಯಿತು, ಏಳು ಸಾವು. 2022ರ ಜೂನ್ 28: ‘ಸಾಗರ್ ಕಿರಣ್’ ರಿಗ್ ಹತ್ತಿರ ಎಸ್-76ಡಿ ನೀರಿಗೆ ಬಿತ್ತು, ಒಂಬತ್ತು ಮಂದಿಯಲ್ಲಿ ನಾಲ್ವರು ಹೋದರು. 2015ರ ನವೆಂಬರ್‌ನಲ್ಲಿ ರಾತ್ರಿ ತರಬೇತಿಯಲ್ಲಿದ್ದ ಇಬ್ಬರು ಪೈಲಟ್‌ಗಳು ಮರಳಲಿಲ್ಲ. 2009ರ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲೆಂಡ್ ಬಳಿ ಎಸ್-92ರ ಗೇರ್‌ಬಾಕ್ಸ್ ಎಣ್ಣೆ ಸೋರಿಹೋಗಿ 17 ಮಂದಿ ತೀರಿಕೊಂಡರು, ಒಬ್ಬರಷ್ಟೇ ಉಳಿದರು. ಆಯಿಲ್ ಫಿಲ್ಟರ್ ಬಟ್ಟಲನ್ನು ಹಿಡಿದಿದ್ದ ಟೈಟಾನಿಯಂ ಸ್ಟಡ್‌ಗಳು ಮುರಿದಿದ್ದವು.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈ ಉದ್ಯಮ ಪ್ರತಿ ಸಾವಿನಿಂದಲೂ ಏನಾದರೂ ಕಲಿತಿದೆ. 1986ರಲ್ಲಿ ಸಂಬರೊ ಬಳಿ ಚಿನೂಕ್ ಬಿದ್ದು 45 ಮಂದಿ ಸತ್ತ ಮೇಲೆ, ಗೇರ್‌ಬಾಕ್ಸ್ ಮತ್ತು ಶಾಫ್ಟ್‌ಗಳ ಕಂಪನವನ್ನು ಸದಾ ಅಳೆಯುವ ಹಮ್ಸ್ ವ್ಯವಸ್ಥೆಗೆ ವೇಗ ಸಿಕ್ಕಿತು. ಮೇಲೆ ಹೇಳಿದ 2013ರ ದುರಂತದ ಬಳಿಕ ಬ್ರಿಟನ್, ಅಲೆಗಳು ಮಿತಿ ಮೀರಿದ ದಿನ ಹಾರಬಾರದು, ಪ್ರಯಾಣಿಕರಿಗೆ ಒಳ್ಳೆಯ ಉಸಿರಾಟದ ಸಾಧನ ಕೊಡಬೇಕು, ದೊಡ್ಡ ಮೈಕಟ್ಟಿನವರು ತಾವು ಹೊರಬರುವಷ್ಟು ದೊಡ್ಡ ಕಿಟಕಿಯ ಪಕ್ಕವೇ ಕೂರಬೇಕು ಎಂದು ನಿಯಮ ಮಾಡಿತು.

ನಿಮ್ಮ ಮುಂದಿರುವ ಪ್ರಶ್ನೆ: ನೀವು ಸೇರಲಿರುವ ಕಂಪನಿ ಈ ಪಾಠಗಳಲ್ಲಿ ಎಷ್ಟನ್ನು ತನ್ನದಾಗಿಸಿಕೊಂಡಿದೆ? ಹಮ್ಸ್ ಮಾಹಿತಿಯನ್ನು ಯಾರು, ದಿನಕ್ಕೆ ಎಷ್ಟು ಸಲ ನೋಡುತ್ತಾರೆ? ಹಾರಾಟದ ದತ್ತಾಂಶವನ್ನು ಪೈಲಟ್‌ಗಳನ್ನು ತಿದ್ದಲು ಬಳಸುತ್ತಾರೋ, ಶಿಕ್ಷಿಸಲೋ? ಉಪ್ಪು ಗಾಳಿಗೆ ತುಕ್ಕು ಹಿಡಿಯದಂತೆ ಎಂಜಿನ್‌ಗಳನ್ನು ಸಿಹಿನೀರಿನಲ್ಲಿ ತೊಳೆಯುವ ಕೆಲಸ ತಪ್ಪದೆ ನಡೆಯುತ್ತದೆಯೇ? ಹ್ಯಾಂಗರ್‌ನ ಎಂಜಿನಿಯರ್ ಜೊತೆ ಚಹಾ ಕುಡಿದರೆ ಇದರ ಉತ್ತರ ಗೊತ್ತಾಗುತ್ತದೆ.

8. ತೈಲದ ಬೆಲೆ ಓದುವುದನ್ನು ರೂಢಿ ಮಾಡಿಕೊಳ್ಳಿ

ನಿಮ್ಮ ಸಂಬಳ ಬರುವುದು ಬ್ಯಾರಲ್‌ನಿಂದ. 2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಸಿಎಚ್‌ಸಿ, 2019ರಲ್ಲಿ ಪಿಎಚ್‌ಐ ಮತ್ತು ಬ್ರಿಸ್ಟೊ ದಿವಾಳಿ ರಕ್ಷಣೆ ಕೋರಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದವು. ಮೂರೂ ಈ ಲೋಕದ ದಿಗ್ಗಜರು. ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ನುರಿತ ಪೈಲಟ್‌ಗಳು ಕೆಲಸ ಕಳೆದುಕೊಂಡರು. ಆಮೇಲೆ ಬೇಡಿಕೆ ಮರಳಿತು. ಏರಿಳಿತ ಈ ಕೆಲಸದ ಗುಣ.

ಭಾರತದಲ್ಲಿ ಹೊಡೆತ ಇಷ್ಟು ನೇರವಾಗಿ ತಟ್ಟುವುದಿಲ್ಲ. ಒಎನ್‌ಜಿಸಿ ಸರ್ಕಾರಿ ಸಂಸ್ಥೆ, ಇಲ್ಲಿನ ತೈಲಕ್ಕೆ ದೇಶದಲ್ಲೇ ಬೇಡಿಕೆಯಿದೆ. ಇಲ್ಲಿ ಅಲುಗಾಡುವುದು ಟೆಂಡರ್. ಇಂದು ಈ ಕಂಪನಿಗೆ ಇರುವ ಗುತ್ತಿಗೆ ಮುಂದಿನ ಸಲ ಇನ್ನೊಂದಕ್ಕೆ ಹೋಗಬಹುದು. ಗುತ್ತಿಗೆ ಎಂದು ಮುಗಿಯುತ್ತದೆ ಎಂಬ ದಿನಾಂಕ ತಿಳಿಯದೆ ಮುಂಬೈಗೆ ಮನೆ ಸಾಗಿಸಬೇಡಿ.

9. ಒಂದೇ ಹೆಲಿಕಾಪ್ಟರ್‌ಗೆ ಬದುಕು ಕಟ್ಟಿಹಾಕಬೇಡಿ

2016ರ ಏಪ್ರಿಲ್ 29ರಂದು ನಾರ್ವೆಯ ಟುರೋಯ್ ಬಳಿ ಇಸಿ225ರ ಮುಖ್ಯ ರೋಟರ್ ಕಳಚಿಹೋಗಿ 13 ಮಂದಿ ಸತ್ತರು. ನಾರ್ವೆ, ಬ್ರಿಟನ್ ಎರಡೂ ಆ ಮಾದರಿಯನ್ನು ನೆಲಕ್ಕಿಳಿಸಿದವು. 2017ರಲ್ಲಿ ನಿಷೇಧ ತೆರವಾದರೂ ಉತ್ತರ ಸಮುದ್ರದ ಕಾರ್ಮಿಕರು ಅದನ್ನು ಹತ್ತಲು ಮನಸ್ಸು ಮಾಡಲಿಲ್ಲ. ಅದೊಂದೇ ರೇಟಿಂಗ್ ಇದ್ದ ಪೈಲಟ್‌ಗಳು ಮತ್ತೆ ಹೊಸದನ್ನು ಕಲಿಯಬೇಕಾಯಿತು.

ಎಡಬ್ಲ್ಯು139ರ ರೇಟಿಂಗ್ ಕೈಯಲ್ಲಿದ್ದರೆ ಕೆಲಸದ ಬಾಗಿಲುಗಳು ಹೆಚ್ಚು, ಜಗತ್ತಿನ ಎಷ್ಟೋ ನೆಲೆಗಳಲ್ಲಿ ಅದಿದೆ. ಭಾರತದಲ್ಲಿ ಬೆಲ್ 412, ಡಾಫಿನ್ ಇನ್ನೂ ಬಳಕೆಯಲ್ಲಿವೆ. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಎನ್‌ಜಿಯನ್ನು ಒಎನ್‌ಜಿಸಿ ಕೆಲಸಕ್ಕೆ ಇಳಿಸಲು ಹೆಲಿಕಾಪ್ಟರ್ ಕಂಪನಿ ಪವನ್ ಹಂಸ್ ಹತ್ತು ವರ್ಷದ ಗುತ್ತಿಗೆ ಪಡೆದಿದೆ. ಸೇನೆಯಲ್ಲಿ ಧ್ರುವ್ ಹಾರಿಸಿದವರು ಈ ಬೆಳವಣಿಗೆಯ ಮೇಲೆ ಕಣ್ಣಿಡಬೇಕು.

10. ಆಫರ್ ಲೆಟರ್‌ನ ಸಣ್ಣಕ್ಷರಗಳನ್ನು ಎರಡು ಸಲ ಓದಿ

ಒಟ್ಟು ಸಂಬಳದ ಅಂಕಿ ನೋಡಿ ಕುಣಿಯಬೇಡಿ. ಅದರಲ್ಲಿ ಖಾತ್ರಿ ಎಷ್ಟು, ಹಾರಿದಷ್ಟಕ್ಕೆ ಮಾತ್ರ ಸಿಗುವುದು ಎಷ್ಟು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವಾಮಾನ ಕೆಟ್ಟು ಹಾರಾಟ ರದ್ದಾದರೆ ನಿಮ್ಮ ಕೈಗೆ ಬರುವುದೆಷ್ಟು? ಟೈಪ್ ರೇಟಿಂಗ್ ಖರ್ಚು ಯಾರದು, ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ಕಂಪನಿಯೇ ಗುತ್ತಿಗೆ ಕಳೆದುಕೊಂಡರೆ ಬಾಂಡ್ ಏನಾಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದದ್ದು, ವೈದ್ಯಕೀಯ ಕಾರಣಕ್ಕೆ ಲೈಸೆನ್ಸ್ ಹೋದರೆ ಸಿಗುವ ವಿಮೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವು ನಲವತ್ತು ದಾಟಿದ ಹೆಲಿಕಾಪ್ಟರ್ ಪೈಲಟ್‌ಗಳನ್ನು ಕಾಡುವುದು ಹೊಸತಲ್ಲ. ಕಂಪನಿ ಕೊಡದಿದ್ದರೆ ಸ್ವಂತವಾಗಿ ಮಾಡಿಸಿ, ಅದೂ ಸೇರುವ ಮುನ್ನವೇ.

11. ಮನೆಯವರ ಜೊತೆ ಕ್ಯಾಲೆಂಡರ್ ಹಾಕಿಕೊಂಡು ಕೂರಿ

ಇಷ್ಟು ವಾರ ಕೆಲಸ, ಇಷ್ಟು ವಾರ ರಜೆ ಎಂಬ ಪಾಳಿ ಈ ವೃತ್ತಿಯ ದೊಡ್ಡ ಆಕರ್ಷಣೆ. ತಿಂಗಳಿಗೆ ತಿಂಗಳು ಎಂಬಂಥ ಸಮಪಾಳಿ ಹಲವು ದೇಶಗಳಲ್ಲಿದೆ. ಧಾರವಾಡದಲ್ಲೋ ಮಡಿಕೇರಿಯಲ್ಲೋ ಮನೆ ಇಟ್ಟುಕೊಂಡು ದೂರದಲ್ಲಿ ಹಾರಿಸಿ ಬರಬಹುದು. ಅದೇ ಪಾಳಿಯ ಇನ್ನೊಂದು ಮಗ್ಗುಲೂ ಇದೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅಪ್ಪನ ಆಸ್ಪತ್ರೆ, ಊರ ಜಾತ್ರೆ ಯಾವುದೂ ನಿಮ್ಮ ರೋಸ್ಟರ್ ಕೇಳಿ ಬರುವುದಿಲ್ಲ. ನೀವಿಲ್ಲದ ವಾರಗಳಲ್ಲಿ ಮನೆ ನಡೆಸುವವರ ಒಪ್ಪಿಗೆ ಬೇಕು, ಬಾಯಿಮಾತಿನ ‘ನೋಡ್ಕೊಳ್ತೀನಿ ಬಿಡಿ’ ಸಾಲದು. ಕಳೆದ ವರ್ಷದ ಕ್ಯಾಲೆಂಡರ್ ತೆಗೆದು ಹೊಸ ಪಾಳಿಯನ್ನು ಅದರ ಮೇಲೆ ಗುರುತು ಹಾಕಿ. ಯಾವ ಯಾವ ದಿನ ನೀವು ಇರುತ್ತಿರಲಿಲ್ಲ ಎಂದು ಇಬ್ಬರೂ ಕೂತು ನೋಡಿ. ಸಂಬಳದ ಚೀಟಿ ಹೇಳದ್ದನ್ನು ಆ ಗುರುತುಗಳು ಹೇಳುತ್ತವೆ.

12. ಪರದೇಶದ ಲೆಕ್ಕ ಬೇರೆ

ದೋಹಾದ ಗಲ್ಫ್ ಹೆಲಿಕಾಪ್ಟರ್ಸ್ 1970ರಿಂದ, ಅಬುಧಾಬಿ ಏವಿಯೇಷನ್ 1976ರಿಂದ ಇವೆ. ಭಾರತೀಯರಿಗೆ ಕೊಲ್ಲಿ ಹತ್ತಿರದ ಮೆಟ್ಟಿಲು. ಸೆಕೆ, ದೂಳು ಮತ್ತು ಉಪ್ಪು ಅಲ್ಲಿನ ಶತ್ರುಗಳು. ಯುರೋಪಿನ ಕನಸಿದ್ದರೆ ಎಟಿಪಿಎಲ್‌ನ ಹದಿಮೂರು ಥಿಯರಿ ಪರೀಕ್ಷೆಗಳನ್ನು ಮತ್ತೆ ಬರೆಯಬೇಕು, ಅದರ ಮೇಲೆ ಅಲ್ಲಿ ಕೆಲಸ ಮಾಡುವ ಹಕ್ಕೂ ಬೇಕು. ಲೈಸೆನ್ಸ್ ಬದಲಿಸಿಕೊಳ್ಳಲು ಲಕ್ಷಗಟ್ಟಲೆ ಸುರಿದ ಮೇಲೆ ವೀಸಾ ವಿಚಾರಿಸುವವರಿದ್ದಾರೆ. ಮೊದಲು ವೀಸಾ ವಿಚಾರಿಸಿ. ಅಬರ್ಡೀನ್, ನಾರ್ವೆಯ ಸ್ಟಾವಂಗರ್‌ಗಳ ಚಳಿನೀರಿಗೆ ತಕ್ಕ ಇಮ್ಮರ್ಷನ್ ಸೂಟ್ ತೊಟ್ಟು ಗಂಟೆಗಟ್ಟಲೆ ಕೂರಬೇಕಾದ ಕೆಲಸ ಅದು. ಬ್ರೆಜಿಲ್‌ನ ಮಕಾಯೆ, ಮಲೇಷ್ಯಾದ ಕೆರ್ತೆ, ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್, ಒಂದೊಂದಕ್ಕೂ ಒಂದೊಂದು ಗುಣ. ಭಾರತದಲ್ಲೇ ಪೂರ್ವ ಕರಾವಳಿಯ ರಾಜಮಂಡ್ರಿಯಿಂದ ಕೃಷ್ಣಾ-ಗೋದಾವರಿ ಕಣಿವೆಯ ರಿಗ್‌ಗಳಿಗೆ ಹಾರುವ ಕೆಲಸವೂ ಇದೆ. ಜುಹು ಒಂದೇ ಎಂದುಕೊಂಡವರು ಅದನ್ನು ಮರೆಯುತ್ತಾರೆ.

ವಯಸ್ಸಿನ ಮಿತಿಯೂ ಲೆಕ್ಕದಲ್ಲಿರಲಿ. 60 ದಾಟಿದ ಮೇಲೆ ಒಬ್ಬರೇ ಪೈಲಟ್ ಆಗಿ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ಇಬ್ಬರ ಕಾಕ್‌ಪಿಟ್‌ನಲ್ಲಿ 65ರವರೆಗೆ ಅವಕಾಶ. ಕಡಲ ಕೆಲಸ ಇಬ್ಬರದೇ ಆದ್ದರಿಂದ ನಡುವಯಸ್ಸಿನಲ್ಲಿ ಬರುವವರಿಗೂ ಇಲ್ಲಿ ಸಾಕಷ್ಟು ವರ್ಷಗಳಿವೆ.

13. ‘ಇವತ್ತು ಆಗಲ್ಲ’ ಎನ್ನಲು ಈಗಲೇ ಕಲಿಯಿರಿ

ತೈಲ ಕಂಪನಿಗೆ ಒಂದು ಪಾಳಿ ತಡವಾದರೂ ನಷ್ಟ. ರಿಗ್‌ನಲ್ಲಿ ವಾರಗಟ್ಟಲೆ ಕಳೆದವರು ಮನೆಗೆ ಹೋಗಲು ಚೀಲ ಕಟ್ಟಿ ಕೂತಿರುತ್ತಾರೆ. ಅವರ ಮುಖ ನೋಡಿ ಮನಸ್ಸು ಕರಗುತ್ತದೆ. ಇಂಧನ ಮಾತ್ರ ಕರುಣೆ ತೋರುವುದಿಲ್ಲ. ಹಿಂತಿರುಗಿ ಬರುವಷ್ಟು ಇಂಧನ ಉಳಿದಿರುವ ಕೊನೆಯ ಬಿಂದು ದಾರಿಯಲ್ಲೆಲ್ಲೋ ಇರುತ್ತದೆ. ಅದನ್ನು ದಾಟುವ ಮೊದಲು ಡೆಕ್ ಮತ್ತು ಹವಾಮಾನದ ಬಗ್ಗೆ ಖಚಿತ ಮಾಹಿತಿ ಕೈಯಲ್ಲಿರಬೇಕು. ಇಲ್ಲದಿದ್ದರೆ ತಿರುಗಿಸುವುದು, ಹಿಂದೆ ಕೂತವರು ಎಷ್ಟೇ ಗೊಣಗಲಿ.

ನೀವು ಕೋ-ಪೈಲಟ್ ಆಗಿದ್ದಾಗ ಈ ಮಾತನ್ನು ಹಿರಿಯರಿಗೆ ಹೇಳಬೇಕಾಗುತ್ತದೆ. ನಮ್ಮಲ್ಲಿ ಅದು ಸುಲಭವಲ್ಲ. ‘ಸರ್, ವೇಗ ಇಳೀತಿದೆ’ ಎಂದು ಒಮ್ಮೆ, ಉತ್ತರ ಬಾರದಿದ್ದರೆ ಮತ್ತೊಮ್ಮೆ ಗಟ್ಟಿಯಾಗಿ, ಆಗಲೂ ಬಾರದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಎಂದು ಕೈ ಹಾಕುವುದು. ಈ ಮೂರು ಹೆಜ್ಜೆಗಳನ್ನು ಸಿಮ್ಯುಲೇಟರ್‌ನಲ್ಲಿ ನಿಜವಾಗಿ ಬಾಯಿಬಿಟ್ಟು ಅಭ್ಯಾಸ ಮಾಡಿಸುವ ಕಂಪನಿಯನ್ನೇ ಹುಡುಕಿ. ಸಂದರ್ಶನ ಮುಗಿದು ‘ನಿಮಗೇನಾದರೂ ಕೇಳಲಿಕ್ಕಿದೆಯೇ?’ ಎಂದಾಗ ಸಂಬಳದ ಮಾತು ತೆಗೆಯುವ ಮೊದಲು ಇದನ್ನು ಕೇಳಿ: ಕಳೆದ ಮಳೆಗಾಲದಲ್ಲಿ ಅರ್ಧ ದಾರಿಯಿಂದ ವಾಪಸ್ ಬಂದ ಕ್ಯಾಪ್ಟನ್‌ಗೆ ಮರುದಿನ ಆಫೀಸಿನಲ್ಲಿ ಏನು ಹೇಳಿದಿರಿ?